ತಾಮ್ರದ ಜಮಾ–ಖರ್ಚು

ನಾನು ಗೇರುಬೀಜದ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವವಳು. ಸೇರಿ ಇಪ್ಪತ್ತನಾಲ್ಕು ವರ್ಷವಾಯಿತು. ಡಬ್ಲ್ಯೂ 180 ಎಷ್ಟು ಡಬ್ಬ ಹೋಯಿತು, ಡಬ್ಲ್ಯೂ 320 ಎಷ್ಟು, ಹೋಳು ಎಷ್ಟು, ನುಚ್ಚು ಎಷ್ಟು, ದಿನವಿಡೀ ಇದೇ. ಆದರೆ ಒಂದು ಬೀಜ ಬಾಯಿಗೆ ಹಾಕುವುದಿಲ್ಲ. ಹೊಸದಾಗಿ ಸೇರುವ ಹುಡುಗಿಯರು "ಅಕ್ಕನಿಗೆ ನೋಡಿ ನೋಡಿಯೇ ಹೊಟ್ಟೆ ತುಂಬಿದೆ" ಅಂತ ನಗುತ್ತಾರೆ. ಗಡ್‌ಬಡ್ ಐಸ್‌ಕ್ರೀಮಿನಿಂದಲೂ ಬೀಜ ಹೆಕ್ಕಿ ಬದಿಗಿಡುವ ನನ್ನನ್ನು ಕಂಡರೆ ಮಗಳಿಗೆ ನಾಚಿಕೆ. ನೂರು ಗ್ರಾಂ ಗೇರುಬೀಜದಲ್ಲಿ ಎರಡು ಮಿಲಿಗ್ರಾಮಿಗೂ ಮಿಕ್ಕಿ ತಾಮ್ರ ಉಂಟು. ದೊಡ್ಡವರೊಬ್ಬರಿಗೆ ಇಡೀ ದಿನಕ್ಕೆ ಬೇಕಾದ್ದು 0.9 ಮಿಲಿಗ್ರಾಂ. ಉಳಿದವರ ದೇಹ ಹೆಚ್ಚಾದದ್ದನ್ನು ಸದ್ದಿಲ್ಲದೆ ಹೊರಗೆ ಹಾಕುತ್ತದೆ. ನನ್ನ ದೇಹಕ್ಕೆ ತಾಮ್ರವನ್ನು ಜಮಾ ಹಿಡಿಯಲು ಬರುತ್ತದೆ, ಖರ್ಚು ಬರೆಯಲು ಬರುವುದಿಲ್ಲ.

ಮರುವಾಯಿ ಇಲ್ಲ, ಏಡಿ ಇಲ್ಲ, ಎಟ್ಟಿ ಇಲ್ಲ. ಕುರಿಯ ಲಿವರ್ ಇಲ್ಲ, ಅಣಬೆ ಇಲ್ಲ, ಪುತ್ತೂರಿನ ಕ್ಯಾಂಪ್ಕೊ ಚಾಕಲೇಟು ಇಲ್ಲ. ಚಿಕಿತ್ಸೆ ಸರಿಯಾಗಿ ಕೂತ ಮೇಲೆ ಇಷ್ಟು ಬಿಗಿ ಬೇಡ ಅಂತ ಡಾಕ್ಟ್ರು ಯಾವತ್ತೋ ಹೇಳಿದ್ದಾರೆ. ಅಭ್ಯಾಸವಾಗಿ ಹೋಗಿದೆ, ಬಿಟ್ಟದ್ದನ್ನು ಮತ್ತೆ ಹಿಡಿಯಲು ಧೈರ್ಯವಿಲ್ಲ. ಈಗೀಗ ಗೃಹಪ್ರವೇಶಕ್ಕೆ, ಹುಟ್ಟುಹಬ್ಬಕ್ಕೆ ತಾಮ್ರದ ನೀರಿನ ಬಾಟ್ಲಿ ಉಡುಗೊರೆ ಕೊಡುವ ಚಾಳಿ ಬಂದಿದೆಯಲ್ಲ, ನಮ್ಮ ಮನೆಗೂ ಎರಡು ಬಂದಿವೆ. ಒಂದರಲ್ಲಿ ಮನಿಪ್ಲಾಂಟ್ ಬೆಳೆಯುತ್ತಾ ಉಂಟು.

ಕಾಯಿಲೆಗೆ ವಿಲ್ಸನ್ ಕಾಯಿಲೆ ಎಂದು ಹೆಸರು. ಪುಸ್ತಕದ ಲೆಕ್ಕದಲ್ಲಿ ಸುಮಾರು 30,000 ಜನರಿಗೆ ಒಬ್ಬರು. ನಮ್ಮ ಮನೆಯ ಲೆಕ್ಕದಲ್ಲಿ ನಾಲ್ವರಲ್ಲಿ ಇಬ್ಬರು: ಅಣ್ಣ ಮತ್ತು ನಾನು.

ಮೊದಲು ಕಂಡದ್ದು ಅಣ್ಣನ ಅಕ್ಷರದಲ್ಲಿ. 1993, ಅವನು ಪಿಯುಸಿ. ದುಂಡಗೆ ಬರೆಯುತ್ತಿದ್ದವನ ಅಕ್ಷರ ಸಣ್ಣದಾಗುತ್ತಾ, ಗೆರೆ ಬಿಟ್ಟು ಕೆಳಗೆ ಜಾರುತ್ತಾ ಬಂತು. ಕಾಲೇಜಿನಲ್ಲಿ "ಕೋಳಿ ಕೆದಕಿದ ಹಾಗೆ ಬರೆದಿದ್ದೀಯ" ಅಂತ ಬೈದರು. ಆಮೇಲೆ ಮಾತು ದಪ್ಪವಾಯಿತು, ಬಾಯಿಯ ಬದಿಯಲ್ಲಿ ಜೊಲ್ಲು. ಕೈ ಚಾಚಿದರೆ ಹಕ್ಕಿ ರೆಕ್ಕೆ ಬಡಿದ ಹಾಗೆ ನಡುಕ. ಕಾರಣವಿಲ್ಲದೆ ಸಿಟ್ಟು, ಕಾರಣವಿಲ್ಲದೆ ನಗು. ಒಬ್ಬ ವೈದ್ಯರು ಮನಸ್ಸಿನ ಕಾಯಿಲೆ ಎಂದು ನಿದ್ದೆ ಮಾತ್ರೆ ಕೊಟ್ಟರು. ಅಜ್ಜಿ ನಾಗನಿಗೆ ತಂಬಿಲ ಆಗಲಿಲ್ಲ ಎಂದರು. ಮೂಲಸ್ಥಾನಕ್ಕೆ ಹೋಗಿ ತಂಬಿಲವೂ ಆಯಿತು. ಅಜ್ಜಿಯನ್ನು ನಾನು ಹಳಿಯುವುದಿಲ್ಲ. ಓದಿದವರಿಗೇ ಗೊತ್ತಾಗದ್ದನ್ನು ಅವರು ತಮಗೆ ಗೊತ್ತಿದ್ದ ಬಾಗಿಲಿಗೆ ಹೋಗಿ ಕೇಳಿದರು, ಅಷ್ಟೆ. ಹೀಗೆ ಎರಡು ವರ್ಷ ಹೋಯಿತು.

1995ರ ಮಳೆಗಾಲದಲ್ಲಿ ಮಂಗಳೂರಿನ ಕಂಕನಾಡಿ ಕಡೆಯ ಒಬ್ಬರು ನರರೋಗ ತಜ್ಞರು ಕೋಣೆಯ ಲೈಟು ಆರಿಸಿ, ಸಣ್ಣ ಟಾರ್ಚನ್ನು ಬದಿಯಿಂದ ಹಿಡಿದು ಅಣ್ಣನ ಕಣ್ಣು ನೋಡಿದರು. ನೋಡಿ ಅಪ್ಪನನ್ನು ಹತ್ತಿರ ಕರೆದರು. "ಕರಿ ಗುಡ್ಡೆಯ ಅಂಚಿನಲ್ಲಿ ಎಂತ ಕಾಣ್ತದೆ ನಿಮಗೆ?" ಅಪ್ಪ ನೋಡಿದ್ದು ಕಿಲುಬು ಹಿಡಿದ ಹಿತ್ತಾಳೆ ಉಂಗುರದ ಬಣ್ಣ. 1902ರಲ್ಲಿ ಕೈಸರ್, 1903ರಲ್ಲಿ ಫ್ಲೈಷರ್ ಎಂಬ ಇಬ್ಬರು ಜರ್ಮನ್ ಕಣ್ಣಿನ ವೈದ್ಯರು ಈ ಉಂಗುರವನ್ನು ವಿವರಿಸಿದ್ದರು, ಅದಕ್ಕೆ ಅವರದೇ ಹೆಸರು. ತಾಮ್ರ ಅಲ್ಲಿ ಹೋಗಿ ಕೂತಿತ್ತು. ಎರಡು ವರ್ಷ ನಾವೆಲ್ಲ ದಿನಾ ನೋಡಿದ್ದು ಅದೇ ಕಣ್ಣನ್ನು.

ಆ ವಾರವೇ ರಾತ್ರಿ ಬಸ್ಸಿನಲ್ಲಿ ಶಿರಾಡಿ ಘಾಟಿ ಹತ್ತಿ ಬೆಂಗಳೂರಿನ ನಿಮ್ಹಾನ್ಸಿಗೆ. ಅಣ್ಣನ ತಲೆ ಅಮ್ಮನ ತೊಡೆಯ ಮೇಲೆ, ತಿರುವು ತಿರುವಿಗೂ ಜಾರುತ್ತಿತ್ತು.

ಅಲ್ಲಿ ಹೇಳಿದ್ದನ್ನು ನಾನು ಈಗ ನನ್ನ ರೀತಿಯಲ್ಲಿ ಹೇಳುತ್ತೇನೆ. ಸುಲ್ತಾನ್ ಬತ್ತೇರಿಯಿಂದ ತಣ್ಣೀರುಬಾವಿಗೆ ಹೊಳೆ ದಾಟಿಸುವ ದೋಣಿ ನೆನಪು ಮಾಡಿಕೊಳ್ಳಿ. ತಿಂದ ತಾಮ್ರವೆಲ್ಲ ಮೊದಲು ಯಕೃತ್ತಿಗೆ ಬರುತ್ತದೆ. ಅಲ್ಲಿಂದ ಹೆಚ್ಚಾದದ್ದನ್ನು ಪಿತ್ತಕ್ಕೆ ದಾಟಿಸಿ ಹೊರಗೆ ಕಳಿಸಲು ಒಂದು ಪ್ರೋಟೀನು ಬೇಕು. ಅದೇ ದೋಣಿಯವನು. ಹದಿಮೂರನೇ ವರ್ಣತಂತುವಿನಲ್ಲಿರುವ ಎಟಿಪಿ7ಬಿ ಎಂಬ ವಂಶವಾಹಿ ಇವನನ್ನು ತಯಾರಿಸುತ್ತದೆ. 1993ರಲ್ಲಿ, ಅಂದರೆ ಅಣ್ಣನ ಅಕ್ಷರ ಜಾರಲು ಶುರುವಾದ ವರ್ಷವೇ, ಅದನ್ನು ಗುರುತಿಸಿದರು. ಎಲ್ಲರಿಗೂ ಇಬ್ಬರು ದೋಣಿಯವರು: ಒಬ್ಬ ಅಪ್ಪನ ಕಡೆಯಿಂದ, ಒಬ್ಬ ಅಮ್ಮನ ಕಡೆಯಿಂದ. ಒಬ್ಬ ಬಾರದಿದ್ದರೂ ಇನ್ನೊಬ್ಬ ಹೇಗೋ ಸುಧಾರಿಸುತ್ತಾನೆ. ಇಬ್ಬರೂ ಬಾರದಿದ್ದರೆ ದಡದಲ್ಲಿ ಜನ ಸೇರುತ್ತಲೇ ಹೋಗುತ್ತಾರೆ. ಹಾಗೆ ಯಕೃತ್ತಿನಲ್ಲಿ ತಾಮ್ರ ತುಂಬುತ್ತದೆ, ಅಲ್ಲಿ ಹಿಡಿಸದೆ ರಕ್ತಕ್ಕೆ ಚೆಲ್ಲುತ್ತದೆ, ಮೆದುಳಿನ ಆಳದಲ್ಲಿ ಕೈಕಾಲಿನ ಚಲನೆಯನ್ನು ಹದ್ದುಬಸ್ತಿನಲ್ಲಿಡುವ ಜಾಗದಲ್ಲಿ ಹೋಗಿ ಕೂರುತ್ತದೆ. ತಪ್ಪು ಯಕೃತ್ತಿನದು, ಅನುಭವಿಸುವುದು ಮೆದುಳು. ಲಂಡನ್ನಿನ ಸ್ಯಾಮುಯೆಲ್ ಕಿನ್ನಿಯರ್ ವಿಲ್ಸನ್ 1912ರಲ್ಲಿ ಈ ಕಾಯಿಲೆಯನ್ನು ಬರೆದಿಡುವಾಗ ಮೆದುಳಿನ ಹಾನಿಯನ್ನೂ ಯಕೃತ್ತಿನ ಗಡಸನ್ನೂ ಒಟ್ಟಿಗೆ ಕಂಡಿದ್ದರು. ಎರಡನ್ನೂ ಕಟ್ಟಿಹಾಕಿದ್ದು ತಾಮ್ರ ಎಂಬುದು ಅವರು ತೀರಿಕೊಂಡ ಮೇಲೆ ಖಚಿತವಾಯಿತು.

ನಮ್ಮ ಅಮ್ಮ ಅಪ್ಪನ ಸೋದರಮಾವನ ಮಗಳು. ನಮ್ಮ ಕಡೆ ಇದು ವಿಶೇಷವೇನಲ್ಲ, ಹಕ್ಕಿನ ಸಂಬಂಧ. ಒಂದೇ ಮನೆತನದಲ್ಲಿ ಬಾರದ ದೋಣಿಯವನೊಬ್ಬ ಇದ್ದರೆ ಅವನು ಎರಡೂ ದಾರಿಯಿಂದ ಬಂದು ಒಂದೇ ಮಗುವಿಗೆ ಸೇರುವ ಸಂಭವ ಹೆಚ್ಚು. ನಿಮ್ಹಾನ್ಸಿನ ವೈದ್ಯರು ಮೂರು ದಶಕಗಳಲ್ಲಿ ನೋಡಿದ 282 ವಿಲ್ಸನ್ ರೋಗಿಗಳ ವಿವರವನ್ನು 2007ರಲ್ಲಿ ಪ್ರಕಟಿಸಿದರು. ಒಂದೇ ಆಸ್ಪತ್ರೆಯಲ್ಲಿ ಈ ಕಾಯಿಲೆಯ ಅಷ್ಟು ಜನರನ್ನು ಅಷ್ಟು ಕಾಲ ನೋಡಿದ್ದು ಜಗತ್ತಿನಲ್ಲೇ ವಿರಳ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಡೆ ತಂದೆತಾಯಿ ರಕ್ತಸಂಬಂಧಿಗಳು. ಇದನ್ನು ಅಮ್ಮನಿಗೆ ಓದಿ ಹೇಳಬೇಕೋ ಬೇಡವೋ ಎಂದು ನಾನು ತುಂಬ ದಿನ ಯೋಚಿಸಿದೆ. ಹೇಳಲಿಲ್ಲ.

ಅಣ್ಣನಿಗೆ ಗೊತ್ತಾದ ಮೇಲೆ ವೈದ್ಯರು ಹೇಳಿದ ಮುಂದಿನ ಮಾತು: ಒಡಹುಟ್ಟಿದವರನ್ನು ಪರೀಕ್ಷಿಸಬೇಕು, ನಾಲ್ವರಲ್ಲಿ ಒಬ್ಬರಿಗೆ ಇರಬಹುದು. ನನಗೆ ಹದಿನಾರು. ಕಬಡ್ಡಿ ಆಡುತ್ತಿದ್ದೆ, ಜ್ವರವೂ ಬರುತ್ತಿರಲಿಲ್ಲ. ರಕ್ತ ತೆಗೆದು ಸೆರುಲೋಪ್ಲಾಸ್ಮಿನ್ ನೋಡಿದರು. ರಕ್ತದಲ್ಲಿ ತಾಮ್ರ ಹೊರುವ ಪ್ರೋಟೀನು ಅದು, ಈ ಕಾಯಿಲೆಯಲ್ಲಿ ಕಡಿಮೆ ಇರುತ್ತದೆ. ಐದು ಲೀಟರಿನ ಬಿಳಿ ಕ್ಯಾನು ಕೊಟ್ಟು ಇಪ್ಪತ್ತನಾಲ್ಕು ಗಂಟೆಯ ಮೂತ್ರ ಹಿಡಿದು ತರಲು ಹೇಳಿದರು. ಹದಿನಾರರ ಹುಡುಗಿಗೆ ಅದೊಂದು ನಾಚಿಕೆಯ ಲೋಕ. ಕ್ಯಾನನ್ನು ಬಟ್ಟೆ ಚೀಲದಲ್ಲಿ ಮುಚ್ಚಿ ತಂದೆ. ದಿನಕ್ಕೆ ಐವತ್ತು ಮೈಕ್ರೋಗ್ರಾಮಿನ ಒಳಗಿರಬೇಕಾದ ತಾಮ್ರ ನನ್ನ ಕ್ಯಾನಿನಲ್ಲಿ ನೂರು ದಾಟಿತ್ತು. ಲಕ್ಷಣ ಒಂದೂ ಇಲ್ಲ, ಕಾಯಿಲೆ ಪೂರ್ತಿ ಉಂಟು. ಆ ದಿನದಿಂದ ಇವತ್ತಿನವರೆಗೆ ಲಕ್ಷಣ ಬಾರದ ಕಾಯಿಲೆಗೆ ನಾನು ಮದ್ದು ನುಂಗುತ್ತಿದ್ದೇನೆ.

ಇನ್ನು ಮದ್ದಿನ ಕಥೆ. ಇದನ್ನು ನಾನು ವರ್ಷಗಟ್ಟಲೆ ಹೆಕ್ಕಿ ಹೆಕ್ಕಿ ಓದಿದ್ದೇನೆ. ನಾವು ನುಂಗುವುದನ್ನು ನಮಗಿಂತ ಮೊದಲು ಯಾರು ನುಂಗಿದರು ಎಂದು ತಿಳಿಯುವ ಕುತೂಹಲ.

1950ರ ವರೆಗೆ ಈ ಕಾಯಿಲೆ ಬಂದವರು ಸಾಯುತ್ತಿದ್ದರು. 1951ರಲ್ಲಿ ಬಿಎಎಲ್ ಎಂಬ ಚುಚ್ಚುಮದ್ದು ಕೊಟ್ಟು ನೋಡಿದರು. ಯುದ್ಧದಲ್ಲಿ ವಿಷಾನಿಲ ತಗಲಿದವರಿಗೆ ಎಂದು ಬ್ರಿಟಿಷರು ಕಂಡುಹಿಡಿದದ್ದು. ಲೋಹವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುತ್ತಿತ್ತು, ಆದರೆ ಮಾಂಸಖಂಡಕ್ಕೆ ಚುಚ್ಚಬೇಕು, ಭಾರಿ ನೋವು. ಜೀವಮಾನವಿಡೀ ಅದನ್ನು ಯಾರು ತಾಳಿಯಾರು? ಜಾನ್ ವಾಲ್ಷ್ ಎಂಬ ಇಂಗ್ಲಿಷ್ ವೈದ್ಯರು ಪೆನಿಸಿಲಿನ್ ತಗೊಂಡ ಯಕೃತ್ತಿನ ರೋಗಿಗಳ ಮೂತ್ರದಲ್ಲಿ ಪೆನಿಸಿಲಮೈನ್ ಎಂಬ ವಸ್ತುವನ್ನು ಗುರುತಿಸಿದ್ದರು. ಆಗ ಅದು ಯಾರಿಗೂ ಬೇಡವಾದ ಸಂಗತಿ. ಕೆಲ ಕಾಲದ ಮೇಲೆ ಅಮೆರಿಕದ ಬಾಸ್ಟನ್ನಿನಲ್ಲಿ ಒಬ್ಬ ವಿಲ್ಸನ್ ರೋಗಿಯನ್ನು ನೋಡುವಾಗ ಅದರ ರಚನೆ ನೆನಪಾಗಿ, ಇದು ತಾಮ್ರವನ್ನು ಕಚ್ಚಿ ಹಿಡಿಯಬಹುದಲ್ಲ ಎಂದು ಹೊಳೆಯಿತು. ರೋಗಿಗೆ ಕೊಡುವ ಮೊದಲು ತಾವೇ ನುಂಗಿ ನೋಡಿದರು. 1956ರಲ್ಲಿ ಫಲಿತಾಂಶ ಪ್ರಕಟವಾಯಿತು. ಬಾಯಿಯಿಂದ ತಗೊಳ್ಳುವ ಮೊದಲ ಮದ್ದು. ನಲುವತ್ತು ವರ್ಷದ ನಂತರ ಮಂಗಳೂರಿನ ಮೆಡಿಕಲ್ ಶಾಪಿನಿಂದ ಅಪ್ಪ ನಮಗಿಬ್ಬರಿಗೆ ತಂದದ್ದು ಅದನ್ನೇ.

ಇಂದಿನ ನಿಯಮದಲ್ಲಿ ಹೀಗೆ ನುಂಗಿ ನೋಡಿ ರೋಗಿಗೆ ಕೊಡಲು ಯಾವ ನೈತಿಕ ಸಮಿತಿಯೂ ಬಿಡುವುದಿಲ್ಲ. ಬಿಡಬಾರದು ಕೂಡ. ಆದರೂ ಆ ಮನುಷ್ಯನ ಮೇಲೆ ನನಗೆ ಒಂದು ನಮೂನೆಯ ಪ್ರೀತಿ ಉಂಟು.

ಅಣ್ಣನಿಗೆ ಕ್ಯಾಪ್ಸೂಲ್ ಶುರು ಮಾಡಿದ ಎರಡನೇ ವಾರದಲ್ಲಿ ಕಾಯಿಲೆ ಇಮ್ಮಡಿಯಾಯಿತು. ನಿಲ್ಲಲು ಆಗದು, ನುಂಗಲು ಆಗದು, ಬಾಯಿ ಓರೆಯಾಗಿ ಒಂದೇ ಕಡೆ ಸೆಳೆದು ಹಿಡಿಯುತ್ತಿತ್ತು. ಅಮ್ಮ ಗಂಜಿಯನ್ನು ಬಟ್ಟೆಯಲ್ಲಿ ಸೋಸಿ ಚಮಚದಲ್ಲಿ ಕೊಡುತ್ತಿದ್ದರು. ಇದು ಪೆನಿಸಿಲಮೈನಿನ ಬಹಳ ಹಳೆಯ ದೂರು: ಮೆದುಳಿನ ಲಕ್ಷಣ ಇರುವವರಲ್ಲಿ ಕೆಲವರಿಗೆ ಮೊದಲ ವಾರಗಳಲ್ಲಿ ಹೆಚ್ಚಾಗುತ್ತದೆ. ಗೋದಾಮಿಗೆ ನುಗ್ಗಿ ಎಲ್ಲ ಮೂಟೆಯನ್ನು ಒಮ್ಮೆಲೇ ಹೊರಗೆಳೆದರೆ ಓಣಿಯೆಲ್ಲ ಮೂಟೆಯಾಗುವ ಹಾಗೆ, ಯಕೃತ್ತಿನಿಂದ ಎದ್ದ ತಾಮ್ರದಲ್ಲಿ ಒಂದಷ್ಟು ಮೆದುಳಿನತ್ತ ಹೋಗುತ್ತದೆ ಎನ್ನುವುದು ಒಂದು ವಿವರಣೆ. ಹಾಗೆ ಇಳಿದವರಲ್ಲಿ ಕೆಲವರು ಮತ್ತೆ ಮೇಲೇಳುವುದೇ ಇಲ್ಲ. ಡೋಸು ಇಳಿಸಿ, ಮೆಲ್ಲ ಮೆಲ್ಲ ಏರಿಸಿದರು. ಅಣ್ಣ ಎದ್ದ. ಆರು ತಿಂಗಳಿಗೆ ತನ್ನ ಕೈಯಾರೆ ಊಟ ಮಾಡಿದ, ಒಂದೂವರೆ ವರ್ಷಕ್ಕೆ ಸಹಿ ಹಾಕಿದ. ಈಗ ಕೊಡಿಯಾಲಬೈಲಿನ ಕೋರ್ಟಿನ ಹತ್ತಿರ ಅವನದೊಂದು ಜೆರಾಕ್ಸ್ ಅಂಗಡಿ. ಮಾತು ಇನ್ನೂ ಸ್ವಲ್ಪ ದಪ್ಪ. ವಕೀಲರುಗಳಿಗೆ ಅದು ಅರ್ಥವಾಗುತ್ತದೆ, ಅವರು ಆತುರದಲ್ಲಿ ಇರದಿದ್ದರೆ.

ನನ್ನ ತೊಂದರೆ ಬೇರೆ ನಮೂನೆಯದು. ಏನೂ ಆಗದವಳಿಗೆ ದಿನಕ್ಕೆ ಮೂರು ಹೊತ್ತು ಮದ್ದು ಯಾಕೆ ಎಂದು ಮನಸ್ಸು ಕೇಳುತ್ತದೆ. ಇಪ್ಪತ್ತನೇ ವರ್ಷದಲ್ಲಿ, ಡಿಗ್ರಿ ಕೊನೆಯ ವರ್ಷ, ನಾನು ಯಾರಿಗೂ ಹೇಳದೆ ನಾಲ್ಕು ತಿಂಗಳು ಬಿಟ್ಟೆ. ಕ್ಯಾಪ್ಸೂಲನ್ನು ಬಾಳೆಯ ಬುಡಕ್ಕೆ ಹಾಕುತ್ತಿದ್ದೆ. ಚೆನ್ನಾಗಿಯೇ ಇದ್ದೆ, ಅದೇ ಮೋಸ. ಒಂದು ದಿನ ಅಣ್ಣ ಹಿತ್ತಿಲಲ್ಲಿ ಕಂಡ. ಬೈಯಲಿಲ್ಲ. ನನ್ನೆದುರು ಬಂದು ನಿಂತು ಎರಡೂ ಕೈ ಮುಂದೆ ಚಾಚಿದ. ಬೆರಳು ಇನ್ನೂ ನಡುಗುತ್ತಿದ್ದವು. "ನೋಡು" ಎಂದ, ಅಷ್ಟೆ. ಬಹಳ ವರ್ಷದ ಮೇಲೆ 1987ರ ಒಂದು ಅಮೆರಿಕನ್ ವರದಿಯ ಬಗ್ಗೆ ಓದಿದೆ: ಚಿಕಿತ್ಸೆಯಲ್ಲಿ ಚೆನ್ನಾಗಿದ್ದು ಪೆನಿಸಿಲಮೈನ್ ಬಿಟ್ಟ 11 ಜನರಲ್ಲಿ 8 ಜನ ಬದುಕಲಿಲ್ಲ. ಓದಿ ಆ ರಾತ್ರಿ ನಿದ್ದೆ ಬರಲಿಲ್ಲ. ನಾನು ಬಾಳೆಗೆ ಹಾಕಿದ್ದು ಎಂತದನ್ನು ಎಂದು ಆಗ ಗೊತ್ತಾಯಿತು.

ಅಪ್ಪ ಹಂಚಿನ ಕಾರ್ಖಾನೆಯಲ್ಲಿ ಗುಮಾಸ್ತ. ಮಂಗಳೂರಿನ ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕುತ್ತಿದ್ದ ಕಾಲ ಅದು, ಅವರದ್ದೂ ಹಾಕಿತು. ಒಂದು ಮನೆಯಲ್ಲಿ ಇಬ್ಬರಿಗೆ, ದಿನಕ್ಕೆ ಮೂರು ನಾಲ್ಕು ಕ್ಯಾಪ್ಸೂಲ್, ಸಾಯುವವರೆಗೆ. ಅಪ್ಪನ ಡೈರಿಯಲ್ಲಿ ತಿಂಗಳ ಮೊದಲ ಸಾಲು 'ಮಕ್ಕಳ ಮದ್ದು', ಎರಡನೆಯದು ಅಕ್ಕಿ. ನಾನು ಲೆಕ್ಕ ಬರೆಯಲು ಕಲಿತದ್ದು ಆ ಡೈರಿ ನೋಡಿಯೇ.

ಆದ್ದರಿಂದಲೇ ನಿಮ್ಹಾನ್ಸಿನ ಸಂಜೀಬ್ ಸಿನ್ಹಾ ಮತ್ತು ಅರುಣ್ ತಾಳಿ ಅವರು 2008ರಲ್ಲಿ ಪ್ರಕಟಿಸಿದ ಒಂದು ಸಣ್ಣ ಅಧ್ಯಯನ ನನಗೆ ಉಳಿದೆಲ್ಲಕ್ಕಿಂತ ಹತ್ತಿರದ್ದು. ಅದರ ಶೀರ್ಷಿಕೆಯಲ್ಲೇ 'ಅಗ್ಗ' ಎಂಬ ಮಾತು ಉಂಟು. ವೈದ್ಯಕೀಯ ಪತ್ರಿಕೆಯ ಶೀರ್ಷಿಕೆಯಲ್ಲಿ ದುಡ್ಡಿನ ಮಾತು ಆಡಲು ಒಂದು ಬಗೆಯ ಧೈರ್ಯ ಬೇಕು. ವಿಷಯ ಇಷ್ಟು: ಪೆನಿಸಿಲಮೈನ್ ಮತ್ತು ಜಿಂಕ್ ಸಲ್ಫೇಟ್ ಎರಡನ್ನೂ ವರ್ಷಗಟ್ಟಲೆ ತಗೊಂಡು ಸುಧಾರಿಸಿದ್ದ 45 ಜನರಲ್ಲಿ ದುಬಾರಿಯಾದ ಪೆನಿಸಿಲಮೈನನ್ನು ನಿಲ್ಲಿಸಿ ಬರೇ ಜಿಂಕ್ ಕೊಟ್ಟು, ಸರಾಸರಿ ಎರಡು ವರ್ಷಕ್ಕೂ ಮಿಕ್ಕಿ ಕಾದು ನೋಡಿದರು. 44 ಜನ ಇದ್ದ ಹಾಗೇ ಇದ್ದರು, ಅಥವಾ ಕೊಂಚ ಸುಧಾರಿಸಿದ್ದರು. ಒಬ್ಬರ ಮಾತು ಮಾತ್ರ ಹಿಂದಿಗಿಂತ ತೊದಲಿತು.

ಜಿಂಕ್ ಅಂದರೆ ಸತು. ಭೇದಿಯಾದ ಮಕ್ಕಳಿಗೆ ಓಆರ್‌ಎಸ್ ಜೊತೆ ಕೊಡುವ ಅದೇ ಸತು. ಇದು ಗೋದಾಮಿಗೆ ನುಗ್ಗುವುದಿಲ್ಲ, ಗೇಟಿನಲ್ಲಿ ನಿಲ್ಲುತ್ತದೆ. ಸತು ತಗೊಂಡರೆ ಕರುಳಿನ ಒಳಪದರದ ಜೀವಕೋಶಗಳಲ್ಲಿ ಮೆಟಲೋಥಯೋನಿನ್ ಎಂಬ ಪ್ರೋಟೀನು ಹೆಚ್ಚುತ್ತದೆ. ಅದು ಊಟದಲ್ಲಿ ಬಂದ ತಾಮ್ರವನ್ನು ಅಲ್ಲೇ ಹಿಡಿದು ಕೂರಿಸುತ್ತದೆ. ಆ ಜೀವಕೋಶಗಳು ನಾಲ್ಕಾರು ದಿನದಲ್ಲಿ ಹೇಗೂ ಉದುರುವಂಥವು. ಉದುರುವಾಗ ತಾಮ್ರವನ್ನೂ ಕಟ್ಟಿಕೊಂಡು ಹೋಗುತ್ತವೆ. 1961ರಲ್ಲೇ ಹಾಲೆಂಡಿನ ಸ್ಕೌವಿಂಕ್ ಎಂಬವರು ಇದನ್ನು ಪ್ರಯೋಗಿಸಿ ತಮ್ಮ ಪ್ರಬಂಧದಲ್ಲಿ ಬರೆದಿದ್ದರು. ಅಮೆರಿಕದ ಮಿಷಿಗನ್ನಿನ ಜಾರ್ಜ್ ಬ್ರೂವರ್ ವರ್ಷಗಟ್ಟಲೆ ಪರೀಕ್ಷೆ ನಡೆಸಿ, ಅಲ್ಲಿನ ಔಷಧ ನಿಯಂತ್ರಕರು ಜಿಂಕ್ ಅಸಿಟೇಟಿಗೆ ಒಪ್ಪಿಗೆ ಕೊಟ್ಟಾಗ 1997 ಆಗಿತ್ತು. ಇಷ್ಟು ತಡ ಯಾಕೆ? ಅಂಗಡಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಗುವ ಲವಣಕ್ಕೆ ದುಡ್ಡು ಹಾಕಿ ಪರೀಕ್ಷೆ ಮಾಡಿಸುವ ಕಂಪನಿ ಯಾವುದು, ಹೇಳಿ.

ಆ 45 ಜನರಲ್ಲಿ ನಾವಿಬ್ಬರು ಇರಲಿಲ್ಲ. ಆದರೆ ಅದು ಪ್ರಕಟವಾದ ಮರುವರ್ಷ ನಮ್ಮ ವೈದ್ಯರು ನಮ್ಮನ್ನೂ ಸತುವಿಗೆ ದಾಟಿಸಿದರು. ಯಾರೋ 45 ಜನ ಮೊದಲು ಹೊಳೆಗಿಳಿದು ಇಷ್ಟೇ ಆಳ ಎಂದು ತೋರಿಸಿದ ಮೇಲೆ ನಾವು ದಾಟಿದ್ದು. ಮಗಳು ಹುಟ್ಟಿದ್ದು ಆಮೇಲೆ. ಅವಳಿಗೆ ನನ್ನಿಂದ ಒಬ್ಬ ಬಾರದ ದೋಣಿಯವನು ಬಂದೇ ಬಂದಿದ್ದಾನೆ. ಅವಳಪ್ಪ ಸಂಬಂಧಿಕರಲ್ಲ, ಹೊರಗಿನವರಲ್ಲಿ ತೊಂಬತ್ತಕ್ಕೆ ಒಬ್ಬರು ಇಂಥ ಒಂದು ಪ್ರತಿ ಹೊತ್ತಿರುತ್ತಾರೆ ಎಂಬ ಲೆಕ್ಕ ಹಿಡಿದರೆ ಅವಳಿಗೆ ಕಾಯಿಲೆ ಬರುವ ಸಂಭವ 180ರಲ್ಲಿ 1. ಆದರೂ ಪರೀಕ್ಷೆ ಮಾಡಿಸಿದೆ. ಇಲ್ಲ.

ಈಗ ನನ್ನೊಳಗಿನ ಗುಮಾಸ್ತೆ ಒಂದು ಆಕ್ಷೇಪ ಎತ್ತುತ್ತಾಳೆ. 45 ಜನರ ಆ ಅಧ್ಯಯನದಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಎರಡೂ ಮದ್ದು ಮುಂದುವರಿಸಿದ 45 ಜನ ಪಕ್ಕದಲ್ಲಿದ್ದರೆ ಅವರು ಇನ್ನೂ ಚೆನ್ನಾಗಿ ಇರುತ್ತಿದ್ದರೋ ಏನೋ. ಒಂದು ಬದಿಯ ಪುಸ್ತಕ ನೋಡಿ ಲೆಕ್ಕ ಸರಿ ಅನ್ನಲು ಬರುವುದಿಲ್ಲ. ಇದು ಅವರ ಸೋಮಾರಿತನ ಅಲ್ಲ. ಅಪರೂಪದ ಕಾಯಿಲೆಯ ಮದ್ದನ್ನು ಪರೀಕ್ಷಿಸುವುದೇ ಹಾಗೆ.

ಬೀಪಿ, ಶುಗರಿನ ಮದ್ದಾದರೆ ಹಂಪನಕಟ್ಟೆಯಲ್ಲಿ ನಿಂತು ಕೂಗಿದರೆ ಸಾವಿರ ಜನ ಸಿಗುತ್ತಾರೆ. ಚೀಟಿ ಎತ್ತಿ ಅರ್ಧ ಜನಕ್ಕೆ ಹೊಸ ಮದ್ದು, ಅರ್ಧ ಜನಕ್ಕೆ ಹಳೆಯದು. ಯಾರಿಗೆ ಯಾವುದು ಎಂದು ಕೊಡುವವರಿಗೂ ತಿಳಿಯದ ಹಾಗೆ ಮುಚ್ಚಿಟ್ಟು, ಕೊನೆಗೆ ಲೆಕ್ಕ ತೆಗೆಯುವುದು. ಪರೀಕ್ಷೆಗಳ ಕ್ರಮ ಇದು. ವಿಲ್ಸನ್ ಕಾಯಿಲೆಯಲ್ಲಿ ಬರೇ ಸಕ್ಕರೆ ಮಾತ್ರೆ ಕೊಟ್ಟು ಒಂದು ಗುಂಪನ್ನು ಕಾಯಿಸುವ ಹಾಗಿಲ್ಲ, ಆ ಗುಂಪು ಸಾಯುತ್ತದೆ. ಹೊಸ ಮದ್ದನ್ನು ಹಳೆ ಮದ್ದಿನ ಜೊತೆಗೇ ಹೋಲಿಸಬೇಕು. ಎರಡೂ ಕೆಲಸ ಮಾಡುವಾಗ ವ್ಯತ್ಯಾಸ ಸಣ್ಣದು. ಸಣ್ಣ ವ್ಯತ್ಯಾಸ ಕಾಣಲು ತುಂಬ ಜನ ಬೇಕು. ಆ ಜನ ಇಲ್ಲ.

ಬ್ರೂವರ್ 2006ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ ಇದ್ದದ್ದು 48 ರೋಗಿಗಳು. ಟ್ರೈಎಂಟೀನ್ ಎಂಬ ಹಳೆಯ ಮದ್ದಿಗೆ 23, ಟೆಟ್ರಾಥಯೋಮಾಲಿಬ್ಡೇಟ್ ಎಂಬ ಹೊಸದಕ್ಕೆ 25. ಎರಡೂ ಗುಂಪಿಗೆ ಜೊತೆಯಲ್ಲಿ ಸತು. ಅವರು ಕೇಳಿದ್ದು ಒಂದೇ ಪ್ರಶ್ನೆ: ಮೊದಲ ವಾರಗಳಲ್ಲಿ ಅಣ್ಣನಿಗೆ ಆದ ಹಾಗೆ ಎಷ್ಟು ಜನಕ್ಕೆ ಹೆಚ್ಚಾಯಿತು? ಹಳೆಯ ಮದ್ದಿನಲ್ಲಿ 23ರಲ್ಲಿ 6, ಹೊಸದರಲ್ಲಿ 25ರಲ್ಲಿ 1. ಆ ಆರರಲ್ಲಿ ಒಬ್ಬೊಬ್ಬರ ಹಿಂದೆಯೂ ಗಂಜಿ ಸೋಸುವ ಅಮ್ಮ ಇದ್ದಿರಬೇಕು. 2022ರಲ್ಲಿ ಪೆನಿಸಿಲಮೈನ್ ಮತ್ತು ಟ್ರೈಎಂಟೀನಿನ ಒಂದು ಹೊಸ ರೂಪವನ್ನು ಚೀಟಿ ಎತ್ತಿ ಹೋಲಿಸಿದರು, ಹಲವು ದೇಶ ಸೇರಿ ಸಿಕ್ಕಿದ್ದು 53 ಜನ. ನಮ್ಮ ಕಾರ್ಖಾನೆಯ ಒಂದು ಶೆಡ್ಡಿನಲ್ಲಿ ಸಿಪ್ಪೆ ತೆಗೆಯಲು ಕೂರುವ ಹೆಂಗಸರೇ ಅದಕ್ಕಿಂತ ಹೆಚ್ಚು.

ಸುಧಾರಣೆಯನ್ನು ಅಳೆಯುವುದಾದರೂ ಹೇಗೆ? ಶುಗರಿನ ಹಾಗೆ ಒಂದು ನಂಬರು ಬರುವುದಿಲ್ಲ. ಮಾತು, ಜೊಲ್ಲು, ನಡಿಗೆ, ಅಕ್ಷರ, ನಡುಕ ಒಂದೊಂದಕ್ಕೂ ಅಂಕ ಕೊಟ್ಟು ಕೂಡಿಸುತ್ತಾರೆ. ಅಂಥ ಒಂದು ಅಂಕಪಟ್ಟಿಯನ್ನು 2009ರಲ್ಲಿ ಮುಂಬೈಯ ವೈದ್ಯರೇ ಮಾಡಿಕೊಟ್ಟರು, ಹೊರದೇಶದವರೂ ಬಳಸುತ್ತಾರೆ. ಕಾಲೇಜಿನಲ್ಲಿ ಬೈಗುಳ ತಿಂದ ಅಣ್ಣನ ಅಕ್ಷರಕ್ಕೆ ಕೊನೆಗೂ ಒಂದು ಮಾರ್ಕು ಉಂಟು ಎಂದು ನಾವು ತಮಾಷೆ ಮಾಡುತ್ತೇವೆ.

ಮೇಲೆ ಹೇಳಿದ ಮಾಲಿಬ್ಡೇಟ್ ಬಂದದ್ದು ದನಗಳಿಂದ. ಇಂಗ್ಲೆಂಡಿನ ಸಾಮರ್‌ಸೆಟ್ ಕಡೆಯ ಕೆಲವು ಹುಲ್ಲುಗಾವಲುಗಳ ಮಣ್ಣಿನಲ್ಲಿ ಮಾಲಿಬ್ಡಿನಂ ಜಾಸ್ತಿ. ಅಲ್ಲಿ ಮೇದ ದನಗಳು ಭೇದಿ ಹಿಡಿದು ಸೊರಗುತ್ತಿದ್ದವು, ತಾಮ್ರ ತಿನ್ನಿಸಿದರೆ ಗುಣವಾಗುತ್ತಿದ್ದವು. ಅಂದರೆ ಆ ಹುಲ್ಲು ಅವುಗಳ ತಾಮ್ರ ಕಸಿಯುತ್ತಿತ್ತು. ದನಕ್ಕೆ ವಿಷವಾದದ್ದು ನಮಗೆ ಮದ್ದಾಗಬಹುದಲ್ಲ! ಅದರ ಸುಧಾರಿತ ರೂಪವೊಂದರ ಮೂರನೇ ಹಂತದ ಪರೀಕ್ಷೆ ಗುರಿ ಮುಟ್ಟಿತು ಎಂದು 2021ರಲ್ಲಿ ಕಂಪನಿ ಸಾರಿತು. ನಾನು ಅಣ್ಣನ ಅಂಗಡಿಗೆ ಓಡಿ ಹೋಗಿ ಹೇಳಿದ್ದೆ. 2023ರಲ್ಲಿ ಅದೇ ಕಂಪನಿ ಆ ಕೆಲಸವನ್ನು ಕೈಬಿಟ್ಟಿತು. ಮರುವರ್ಷ ಇನ್ನೊಂದು ಸಣ್ಣ ಕಂಪನಿ ಅದರ ಹಕ್ಕು ತಗೊಂಡಿದೆ. ಕಾಯುವವರಿಗೆ ಹೀಗೆ ಮೂರು ವರ್ಷಕ್ಕೊಮ್ಮೆ ಎದೆ ಏರಿ ಇಳಿಯುತ್ತದೆ. ಯಕೃತ್ತಿಗೆ ಸರಿಯಾದ ವಂಶವಾಹಿಯನ್ನೇ ಕಳಿಸುವ ಪ್ರಯೋಗಗಳೂ ಶುರುವಾಗಿವೆ, ದೋಣಿಗೆ ಹೊಸ ಆಳು ನೇಮಿಸಿದ ಹಾಗೆ. ಬರಲಿ, ನೋಡುವ.

ಮದ್ದು ಸಾಬೀತಾದರೆ ಮುಗಿಯಿತು ಅಂತಲ್ಲ. ಟ್ರೈಎಂಟೀನನ್ನು ಬಳಕೆಗೆ ತಂದವರು ಅದೇ ವಾಲ್ಷ್, 1969ರಲ್ಲಿ. ಪೆನಿಸಿಲಮೈನ್ ತಾಳದೆ ಕಿಡ್ನಿ ಕೆಡಿಸಿಕೊಂಡವರಿಗೆ ಅದೇ ಆಸರೆ. ಅಮೆರಿಕದಲ್ಲಿ 100 ಕ್ಯಾಪ್ಸೂಲಿಗೆ 2010ರಲ್ಲಿ ಸುಮಾರು 650 ಡಾಲರ್ ಇದ್ದದ್ದು 2015ಕ್ಕೆ 21,000 ಡಾಲರ್ ಮೀರಿತು. ಮದ್ದು ಅದೇ, ಡಬ್ಬ ಅದೇ, ಮಾಲೀಕ ಮಾತ್ರ ಬೇರೆ. ಅಲ್ಲಿನ ಸೆನೆಟ್ಟಿನವರೆಗೂ ಗಲಾಟೆ ಹೋಯಿತು. ಇಪ್ಪತ್ತನಾಲ್ಕು ವರ್ಷ ರೇಟು ಬರೆದವಳು ನಾನು, ಕಚ್ಚಾ ಬೀಜದ ಧಾರಣೆ ಏರಿದ್ದನ್ನೂ ಬಿದ್ದದ್ದನ್ನೂ ಕಂಡವಳು. ಇಂಥ ಏರಿಕೆಗೆ ಯಾವ ಖಾತೆಯಲ್ಲಿ ಜಾಗ ಮಾಡಬೇಕು ಎಂದು ನನಗೆ ತಿಳಿಯಲಿಲ್ಲ.

ನಮ್ಮ ದೇಶದಲ್ಲಿ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ 5 ಲಕ್ಷಕ್ಕಿಂತ ಹೆಚ್ಚು ಜನರಿಗೆ ಇರದ ಕಾಯಿಲೆಯ ಮದ್ದನ್ನು ಅನಾಥ ಔಷಧ ಎನ್ನುತ್ತಾರೆ. ಈ ಹೆಸರು ಇಟ್ಟವರು ಯಾರೋ, ಸರಿಯಾಗಿಯೇ ಇಟ್ಟಿದ್ದಾರೆ. ಯಾವ ಪರೀಕ್ಷೆಯಾದರೂ ಸರಕಾರದ ಕ್ಲಿನಿಕಲ್ ಟ್ರಯಲ್ ನೋಂದಣಿಯಲ್ಲಿ ಮೊದಲೇ ದಾಖಲಾಗಬೇಕು. 2009ರಿಂದ ಅದು ಕಡ್ಡಾಯ. ಸೇರುವವರಿಗೆ ಅವರ ಭಾಷೆಯಲ್ಲಿ ತಿಳಿಸಿ ಹೇಳಿ ಒಪ್ಪಿಗೆ ಪಡೆಯಬೇಕು, ಬೇಡವೆನಿಸಿದ ದಿನ ಹೊರಬರಬಹುದು, ಪರೀಕ್ಷೆಯಿಂದಲೇ ತೊಂದರೆಯಾದರೆ ಚಿಕಿತ್ಸೆಯೂ ಪರಿಹಾರವೂ ಕೊಡಬೇಕು. "ನಮ್ಮನ್ನು ಇಲಿ ಮಾಡ್ತಾರೆ" ಎಂದು ಹೆದರುವವರು ನನ್ನ ಬಳಿ ಬಂದರೆ ನಾನು ಇಷ್ಟನ್ನು ಹೇಳುತ್ತೇನೆ. ಕಾಗದ ಕನ್ನಡದಲ್ಲಿ ಕೊಡಿ ಎಂದು ಕೇಳಿ, ಮನೆಗೆ ತಂದು ಎರಡು ರಾತ್ರಿ ಓದಿ, ಆಮೇಲೆ ಸಹಿ ಹಾಕಿ ಎಂದೂ ಹೇಳುತ್ತೇನೆ. ಸಹಿ ಎಂಬುದು ನಮ್ಮ ಮನೆಯಲ್ಲಿ ಒಂದೂವರೆ ವರ್ಷ ಕಾದು ಪಡೆದ ವಸ್ತು.

ಸತು ಅಗ್ಗ ನಿಜ, ಸುಲಭ ಅಲ್ಲ. 50 ಮಿಲಿಗ್ರಾಂ, ದಿನಕ್ಕೆ ಮೂರು ಸಲ, ಊಟಕ್ಕಿಂತ ಒಂದು ಗಂಟೆ ಮೊದಲು ಅಥವಾ ಎರಡು ಗಂಟೆ ನಂತರ. ಊಟದ ಜೊತೆ ತಗೊಂಡರೆ ನಾಟುವುದಿಲ್ಲ. ಖಾಲಿ ಹೊಟ್ಟೆಗೆ ಬೆಳಗ್ಗಿನದ್ದು ಹೋದರೆ ಓಕರಿಕೆ. ನನ್ನ ಇಡೀ ದಿನ ಈ ಮೂರು ಕಿಂಡಿಗಳ ನಡುವೆ ನಡೆಯುತ್ತದೆ. ಮದುವೆಯ ಊಟ ಎರಡನೇ ಪಂಕ್ತಿಗೋ ಮೂರನೇ ಪಂಕ್ತಿಗೋ ಎಂದು ಎಲ್ಲರಿಗಿಂತ ಮೊದಲು ವಿಚಾರಿಸುವವಳು ನಾನೇ. ಆಫೀಸಿನಲ್ಲಿ ಹನ್ನೊಂದಕ್ಕೆ ಯಾರಾದರೂ ಬನ್ಸ್ ತಂದರೆ ಗಡಿಯಾರ ನೋಡುತ್ತೇನೆ. ಅವರಿಗೆ ಅದು ಜಿಪುಣತನದ ಹಾಗೆ ಕಾಣುತ್ತದೆ.

ಮೊನ್ನೆ ವರ್ಷದ ಪರೀಕ್ಷೆಗೆ ಇಬ್ಬರೂ ಕ್ಯಾನು ಹಿಡಿದುಕೊಂಡು ಹೋಗಿದ್ದೆವು. ಬಟ್ಟೆ ಚೀಲದ ನಾಚಿಕೆ ಯಾವತ್ತೋ ಹೋಗಿದೆ. ಅಣ್ಣ ಅವನದ್ದರ ಮೇಲೆ ದಪ್ಪ ಮಾರ್ಕರಿನಲ್ಲಿ ತನ್ನ ಹೆಸರು ಬರೆದಿದ್ದ, ಅಕ್ಷರ ಗೆರೆ ಬಿಟ್ಟು ಸ್ವಲ್ಪ ಜಾರಿತ್ತು. ಲ್ಯಾಬಿನ ಹೊರಗೆ ಬೆಂಚಿನಲ್ಲಿ ಕೂತು ಕಾಯುವಾಗ ನಾನು ಕೇಳಿದೆ:

"ಅಣ್ಣಾ, ಹೊಸ ಮದ್ದಿನ ಪರೀಕ್ಷೆ ನಾಳೆ ಮಂಗಳೂರಿಗೇ ಬಂತು ಅಂತ ಇಟ್ಟುಕೊ. ಸೇರ್ತೀಯಾ?"

ಅವನು ತುಂಬ ಹೊತ್ತು ಯೋಚಿಸಿದ. ಗೋಡೆಯ ಗಡಿಯಾರ ನೋಡಿದ, ಹನ್ನೆರಡು ಹತ್ತು. ಜೇಬಿನಿಂದ ಮಾತ್ರೆಯ ಪಟ್ಟಿ ತೆಗೆದು ಒಂದನ್ನು ಒಡೆದ.

"ಊಟಕ್ಕೆ ಮೊದಲಾ, ನಂತರವಾ? ಅದು ಹೇಳು ಮೊದಲು."